ಹರಾಜಿನಲ್ಲಿ ಟೋಟಲ್ ಲಾಸ್ ಕಾರು ಕೊಂಡು ದುರಸ್ತಿ ಮಾಡಿಸುವುದು ಹೇಗೆ?

ವಿಮಾ ಕಂಪನಿ ‘ಟೋಟಲ್ ಲಾಸ್’ ಎಂದು ಕೈಬಿಟ್ಟ ಕಾರನ್ನು ಹರಾಜಿನಲ್ಲಿ ಕೊಂಡು, ದುರಸ್ತಿ ಮಾಡಿಸಿ ಓಡಿಸಬೇಕೆಂಬ ಆಸೆ ಹಲವರಿಗಿರುತ್ತದೆ. ಲೆಕ್ಕ ಸರಿಯಾಗಿ ಹಾಕಿದರೆ ಇದರಲ್ಲಿ ಉಳಿತಾಯವಿರುವುದು ನಿಜ. ಆದರೆ ಈ ವ್ಯವಹಾರದ ಲಾಭನಷ್ಟ ತೀರ್ಮಾನವಾಗುವುದು ಮುಖ್ಯವಾಗಿ ಎರಡು ಕಡೆ ಎಂಬುದು ನನ್ನ ದೃಢ ಅಭಿಪ್ರಾಯ: ಒಂದು ಕಾಗದಪತ್ರಗಳಲ್ಲಿ, ಇನ್ನೊಂದು ಬಾಡಿಯ ಅಸ್ಥಿಪಂಜರದಲ್ಲಿ. ಎಂಜಿನ್ ಕೆಟ್ಟಿದ್ದರೆ ಹಣ ಖರ್ಚಾಗುತ್ತದೆ, ಅಷ್ಟೇ. ಈ ಎರಡರಲ್ಲಿ ಎಡವಿದರೆ ಕಾರು ರಸ್ತೆಗಿಳಿಯುವುದೇ ಕಷ್ಟ. ಇಳಿದರೂ ಒಳಗೆ ಕೂತವರಿಗೆ ರಕ್ಷಣೆಯಿರುವುದಿಲ್ಲ. ಆದ್ದರಿಂದ ಇವೆರಡಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದ್ದೇನೆ.

ಟೋಟಲ್ ಲಾಸ್ ಆಗುವುದು ಯಾವಾಗ?

ಮೋಟಾರು ವಿಮಾ ಪಾಲಿಸಿಯಲ್ಲಿ ಪ್ರತಿ ಕಾರಿಗೂ ಐಡಿವಿ ಎಂಬ ಘೋಷಿತ ಮೌಲ್ಯವಿರುತ್ತದೆ. ಆ ಮಾದರಿಯ ಹೊಸ ಕಾರಿನ ಬೆಲೆಯಲ್ಲಿ ವಯಸ್ಸಿಗೆ ತಕ್ಕ ಸವಕಳಿ ಕಳೆದು ಅದನ್ನು ನಿಗದಿ ಮಾಡುತ್ತಾರೆ. ಆರು ತಿಂಗಳೊಳಗಿನ ಕಾರಿಗೆ ಶೇ 5, ಎರಡರಿಂದ ಮೂರು ವರ್ಷದ ಕಾರಿಗೆ ಶೇ 30, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ 50 ಸವಕಳಿ ಎಂಬುದು ರೂಢಿಯ ಪಟ್ಟಿ. ಅಪಘಾತವಾದ ಕಾರನ್ನು ಸಾಗಿಸಿ ದುರಸ್ತಿ ಮಾಡುವ ಒಟ್ಟು ಅಂದಾಜು ಈ ಐಡಿವಿಯ ಶೇ 75ನ್ನು ಮೀರಿದರೆ ವಿಮಾ ಕಂಪನಿ ಅದನ್ನು ದುರಸ್ತಿ ಮಾಡಿಸುವ ಗೋಜಿಗೆ ಹೋಗದೆ, ಟೋಟಲ್ ಲಾಸ್ ಎಂದು ಪರಿಗಣಿಸಿ ಮಾಲೀಕರಿಗೆ ಪರಿಹಾರ ಕೊಡುತ್ತದೆ. ಉಳಿದ ಜಖಂ ಕಾರು, ಅಂದರೆ ಸಾಲ್ವೇಜ್, ಹರಾಜಿಗೆ ಬರುತ್ತದೆ.

ಈ ಅಂದಾಜು ಸಾಮಾನ್ಯವಾಗಿ ತಯಾರಾಗುವುದು ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್‌ನಲ್ಲಿ, ಪ್ರತಿಯೊಂದು ಭಾಗವನ್ನೂ ಹೊಸದಾಗಿ ಹಾಕುವ ದರದಲ್ಲಿ. ಆರು ಲಕ್ಷ ಐಡಿವಿಯ ಕಾರಿಗೆ ನಾಲ್ಕೂವರೆ ಲಕ್ಷ ದಾಟಿದ ಅಂದಾಜು ಬಂದಿದೆ ಎಂದುಕೊಳ್ಳೋಣ. ಅದರಲ್ಲಿ ಎರಡು ಏರ್‌ಬ್ಯಾಗ್, ಡ್ಯಾಶ್‌ಬೋರ್ಡ್, ಎರಡು ಹೆಡ್‌ಲ್ಯಾಂಪ್, ರೇಡಿಯೇಟರ್, ಎಸಿ ಕಂಡೆನ್ಸರ್, ಬಾನೆಟ್, ಬಂಪರ್ ಇವೇ ಹೆಚ್ಚಿನ ಪಾಲನ್ನು ನುಂಗಿರಬಹುದು. ಬಾಡಿಯ ಮೂಲ ಚೌಕಟ್ಟು ಅಷ್ಟಾಗಿ ಕೆಟ್ಟಿರದೆ ಇರಬಹುದು. ಅದೇ ಕೆಲಸವನ್ನು ನಂಬಿಕೆಯ ಗ್ಯಾರೇಜಿನಲ್ಲಿ, ಕೆಲವು ಭಾಗಗಳನ್ನು ಹೊಸದಾಗಿಯೂ ಕೆಲವನ್ನು ಗುಜರಿಯಿಂದಲೂ ತಂದು ಮಾಡಿಸಿದಾಗ ಬರುವ ವ್ಯತ್ಯಾಸವೇ ಈ ವ್ಯವಹಾರದ ಉಳಿತಾಯ. ವಯಸ್ಸಾದ ಕಾರಿಗೆ ಐಡಿವಿ ಕಡಿಮೆಯಿರುವುದರಿಂದ ಮಧ್ಯಮ ಪ್ರಮಾಣದ ಪೆಟ್ಟಿಗೇ ಅದು ಟೋಟಲ್ ಲಾಸ್ ಆಗಿಬಿಡುತ್ತದೆ. ಒಂದು ವರ್ಷದ ಹೊಸ ಕಾರು ಟೋಟಲ್ ಲಾಸ್ ಆಗಿದ್ದರೆ ಪೆಟ್ಟು ನಿಜಕ್ಕೂ ಭಾರಿಯಾಗಿತ್ತೆಂದೇ ಅರ್ಥ. ನೋಡುವುದಕ್ಕೆ ಹೊಸದಾಗಿರುವ ಕಾರಿನತ್ತ ಕೈ ಚಾಚುವ ಮೊದಲು ಈ ಮಾತನ್ನು ನೆನಪಿಡಬೇಕು.

ಬ್ಯಾಂಕುಗಳು ಸಾಲದ ಕಂತು ಬಾಕಿಯಾಗಿ ವಶಪಡಿಸಿಕೊಂಡ ಕಾರುಗಳು ಮತ್ತು ಸರ್ಕಾರಿ ಇಲಾಖೆಗಳು ವಿಲೇವಾರಿ ಮಾಡುವ ವಾಹನಗಳು ಕೂಡ ಹರಾಜಿಗೆ ಬರುತ್ತವೆ. ವಶಪಡಿಸಿಕೊಂಡ ವಾಹನಗಳನ್ನು ಶ್ರೀರಾಮ್ ಆಟೋಮಾಲ್‌ನಂಥ ಸಂಸ್ಥೆಗಳೂ, ಸರ್ಕಾರಿ ಮಾಲನ್ನು ಎಂಎಸ್‌ಟಿಸಿಯ ಇ-ಹರಾಜು ತಾಣವೂ ಮಾರುತ್ತವೆ. ಅವುಗಳಲ್ಲಿ ಅಪಘಾತದ ಪೆಟ್ಟು ಇಲ್ಲದಿರಬಹುದು, ಆದರೆ ತಿಂಗಳುಗಟ್ಟಲೆ ಯಾರ್ಡಿನಲ್ಲಿ ಮಳೆ ಬಿಸಿಲಿಗೆ ನಿಂತ ದೋಷಗಳಿರುತ್ತವೆ.

ಮೊದಲು ಕಾಗದ, ಆಮೇಲೆ ಕಾರು

ಅಮೆರಿಕದ ರಾಜ್ಯಗಳಲ್ಲಿ ಇಂಥ ಕಾರಿನ ಮಾಲೀಕತ್ವದ ಪತ್ರದ ಮೇಲೆಯೇ ಸಾಲ್ವೇಜ್ ಎಂಬ ಮುದ್ರೆ ಬೀಳುತ್ತದೆ, ದುರಸ್ತಿಯಾದ ಮೇಲೆ ತಪಾಸಣೆ ನಡೆದು ‘ರೀಬಿಲ್ಟ್’ ಎಂದು ಬದಲಾಗುತ್ತದೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಗೊತ್ತಿರುವ ವಿಷಯ. ನಮ್ಮ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಅಂಥ ಗುರುತು ಇರುವುದಿಲ್ಲ. ಹಾಗಾಗಿ ಕಾರಿನ ಪೂರ್ವೇತಿಹಾಸವನ್ನು ಕೊಳ್ಳುವವರೇ ಹುಡುಕಿಕೊಳ್ಳಬೇಕಾಗುತ್ತದೆ.

ಹರಾಜಿನ ಪಟ್ಟಿಯಲ್ಲಿ ಪ್ರತಿ ಕಾರಿನ ಎದುರು ‘ವಿತ್ ಆರ್‌ಸಿ’ ಅಥವಾ ‘ವಿದೌಟ್ ಆರ್‌ಸಿ’ ಎಂದು ಬರೆದಿರುತ್ತದೆ. ಇಡೀ ಪಟ್ಟಿಯಲ್ಲಿ ಇದಕ್ಕಿಂತ ಮುಖ್ಯವಾದ ಮಾತು ಬೇರೆ ಇಲ್ಲ. ವಾಹನ ನಾಶವಾಗಿದ್ದರೆ ಅಥವಾ ಶಾಶ್ವತವಾಗಿ ಬಳಕೆಗೆ ಬಾರದಂತಾಗಿದ್ದರೆ ಮಾಲೀಕರು 14 ದಿನಗಳೊಳಗೆ ಅಥವಾ ಸಾಧ್ಯವಾದಷ್ಟು ಬೇಗ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಿ ಆರ್‌ಸಿ ಒಪ್ಪಿಸಬೇಕೆಂದು 1988ರ ಮೋಟಾರು ವಾಹನ ಕಾಯ್ದೆಯ 55ನೇ ಸೆಕ್ಷನ್ ಹೇಳುತ್ತದೆ. ಆಗ ನೋಂದಣಿ ರದ್ದಾಗುತ್ತದೆ. ಹೀಗೆ ರದ್ದಾದ ಕಾರನ್ನು ಕೊಳ್ಳಬೇಕಾದದ್ದು ಬಿಡಿಭಾಗಗಳಿಗಾಗಿ ಮಾತ್ರ. ಅಂಥ ಕಾರನ್ನು ತೋರಿಸಿ “ಆರ್‌ಟಿಒ ಕೆಲಸ ನಾವು ಮಾಡಿಸಿಕೊಡುತ್ತೇವೆ” ಎನ್ನುವ ಮಧ್ಯವರ್ತಿ ಸಿಕ್ಕರೆ ಅಲ್ಲಿಂದ ಎದ್ದು ಬರುವುದೇ ಕ್ಷೇಮ.

ಆರ್‌ಸಿ ಸಹಿತ ಕಾರಿನ ವಿಷಯದಲ್ಲಿಯೂ ಗಮನಿಸಬೇಕಾದ ಸಂಗತಿಗಳಿವೆ. ವಿಮಾ ಕಂಪನಿ ಸಾಮಾನ್ಯವಾಗಿ ಕಾರನ್ನು ತನ್ನ ಹೆಸರಿಗೆ ವರ್ಗಾಯಿಸಿಕೊಳ್ಳುವುದಿಲ್ಲ. ಆರ್‌ಸಿ ಹಳೆಯ ಮಾಲೀಕರ ಹೆಸರಿನಲ್ಲೇ ಇದ್ದು, ಅವರು ಸಹಿ ಮಾಡಿದ ಮಾಲೀಕತ್ವ ವರ್ಗಾವಣೆಯ ಫಾರಂ 29 ಮತ್ತು ಫಾರಂ 30 ಹರಾಜುದಾರರ ಮೂಲಕ ಕೊಂಡವರ ಕೈಗೆ ಬರುತ್ತವೆ. ಈ ಸಹಿಗಳು ಆರ್‌ಸಿಯಲ್ಲಿರುವ ಹೆಸರಿನವರದ್ದೇ ಎಂಬುದನ್ನು, ಅವರ ಗುರುತಿನ ಚೀಟಿಯ ಪ್ರತಿ ಜೊತೆಗಿದೆಯೇ ಎಂಬುದನ್ನು ಹಣ ಪೂರ್ತಿ ಕಟ್ಟುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದು ಇದ್ದರೆ ಅದನ್ನು ತೆಗೆಸಲು ಬ್ಯಾಂಕಿನ ಸಹಿಯಿರುವ ಫಾರಂ 35 ಮತ್ತು ಸಾಲ ತೀರಿದ ಪತ್ರ ಬೇಕು. ಬೇರೆ ರಾಜ್ಯದ ಕಾರಾದರೆ ಅಲ್ಲಿನ ಆರ್‌ಟಿಒ ಕೊಡುವ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು, ಅದರ ಮೇಲೆ ಇಲ್ಲಿ ಜೀವಿತಾವಧಿ ತೆರಿಗೆ ಕಟ್ಟಬೇಕು. ಈ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದೆ ಹೊರರಾಜ್ಯದ ಕಾರು ಅಗ್ಗವೆಂದು ಭಾವಿಸುವುದು ತಪ್ಪು. ಸರ್ಕಾರಿ ಹರಾಜಿನಲ್ಲಿ ಕೊಂಡ ವಾಹನಕ್ಕೆ ಮಾತ್ರ ಕ್ರಮ ಬೇರೆ: ವಾಹನ ವಶಕ್ಕೆ ಬಂದ 30 ದಿನಗಳೊಳಗೆ ಫಾರಂ 32ರಲ್ಲಿ, ಮಾರಾಟ ದೃಢೀಕರಿಸಿದ ಆದೇಶದೊಂದಿಗೆ ಅರ್ಜಿ ಹಾಕಬೇಕು.

ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ಹಾಕಿದರೆ ಆರ್‌ಸಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ತಿಳಿಯುತ್ತದೆ. ಬಾಕಿ ದಂಡಗಳನ್ನು ಇ-ಚಲನ್ ತಾಣದಲ್ಲಿ ನೋಡಬಹುದು. ಕಾರಿನ ಮೇಲೆ ಕಳವಿನ ದೂರಿದೆಯೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ‘ವಾಹನ್ ಸಮನ್ವಯ’ ಸೇವೆಯಲ್ಲಿ ಪರಿಶೀಲಿಸಬಹುದು. ಈ ಕೊನೆಯ ತಪಾಸಣೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ, ಬಿಡಬಾರದು. ಟೋಟಲ್ ಲಾಸ್ ಕಾರಿನ ಕಾಗದ ಕೊಂಡು, ಅದರ ಚಾಸಿಸ್ ಸಂಖ್ಯೆಯನ್ನು ಅದೇ ಮಾದರಿಯ ಕದ್ದ ಕಾರಿನ ಮೇಲೆ ಕೊರೆದು ಮಾರುವ ಜಾಲಗಳನ್ನು ಪೊಲೀಸರು ಹಲವು ಕಡೆ ಪತ್ತೆಹಚ್ಚಿದ್ದಾರೆ. ಆದ್ದರಿಂದ ಯಾರ್ಡಿಗೆ ಹೋದಾಗ ಚಾಸಿಸ್ ಸಂಖ್ಯೆಯ ಮೇಲೆ ಬಿಳಿ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಕಂಪನಿಯಲ್ಲಿ ಕೊರೆದ ಅಂಕಿಗಳು ಒಂದೇ ಆಳ, ಒಂದೇ ಅಂತರ, ಒಂದೇ ಸಾಲಿನಲ್ಲಿರುತ್ತವೆ. ಅಂಕಿಗಳು ಏರುಪೇರಾಗಿದ್ದರೆ, ಸುತ್ತ ಉಜ್ಜಿದ ಗುರುತು ಅಥವಾ ಬೇರೆ ಬಣ್ಣದ ತೇಪೆ ಕಂಡರೆ ಆ ಕಾರು ಬೇಡ. ವರ್ಗಾವಣೆಯ ಅರ್ಜಿಗೂ ಈ ಪೆನ್ಸಿಲ್ ಅಚ್ಚು ಬೇಕಾಗುವುದರಿಂದ ಶ್ರಮ ವ್ಯರ್ಥವಾಗುವುದಿಲ್ಲ.

ಯಾರ್ಡಿನಲ್ಲಿ ನೋಡಬೇಕಾದದ್ದು

ಹರಾಜಿನ ಷರತ್ತಿನಲ್ಲಿ ಮಾಲನ್ನು ‘ಇದ್ದಲ್ಲೇ, ಇದ್ದ ಸ್ಥಿತಿಯಲ್ಲೇ’ ಮಾರುವುದಾಗಿ ಬರೆದಿರುತ್ತದೆ. ಸವಾಲು ನಿಂತ ಮೇಲೆ ದೂರುವುದಕ್ಕೆ ಅವಕಾಶವಿಲ್ಲ, ಹಿಂದೆ ಸರಿದರೆ ಮುಂಗಡ ಠೇವಣಿ ಮುಟ್ಟುಗೋಲಾಗುತ್ತದೆ. ಫೋಟೊ ನೋಡಿ ಸವಾಲು ಹಾಕುವುದನ್ನು ನಾನು ಯಾರಿಗೂ ಹೇಳಲಾರೆ. ಪರಿಶೀಲನೆಗೆ ಕೊಟ್ಟ ದಿನಗಳಂದು ಟಾರ್ಚ್, ಅಳತೆ ಟೇಪು, ಸಣ್ಣ ಅಯಸ್ಕಾಂತ ಹಿಡಿದುಕೊಂಡು ಹೋಗಬೇಕು. ಬಾಡಿಯ ತಗಡು ಕೆಲಸ ಮಾಡುವ ಅನುಭವಿ ಟಿಂಕರ್ ಒಬ್ಬರನ್ನು ಕೂಲಿ ಕೊಟ್ಟಾದರೂ ಜೊತೆಗೆ ಕರೆದೊಯ್ಯಬೇಕು. ಎಂಜಿನ್ ಮೆಕ್ಯಾನಿಕ್‌ಗಿಂತ ಟಿಂಕರ್ ಕಣ್ಣು ಇಲ್ಲಿ ಹೆಚ್ಚು ಉಪಯುಕ್ತ.

ಕಾರಿನ ಮುಂಭಾಗ ಎಷ್ಟು ನಜ್ಜುಗುಜ್ಜಾಗಿದೆ ಎಂಬುದಕ್ಕಿಂತ ಪೆಟ್ಟು ಎಲ್ಲಿಯವರೆಗೆ ಹೋಗಿದೆ ಎಂಬುದು ಮುಖ್ಯ. ಬಂಪರ್, ಬಾನೆಟ್, ಫೆಂಡರ್, ರೇಡಿಯೇಟರ್ ಹಿಡಿದಿರುವ ಚೌಕಟ್ಟು ಇವೆಲ್ಲ ಬದಲಿಸುವಂಥವು. ಎಂಜಿನ್‌ನ ಎರಡು ಪಕ್ಕದಲ್ಲಿ ಉದ್ದಕ್ಕೆ ಬರುವ ದಪ್ಪ ತೊಲೆಗಳು ಮತ್ತು ಅವುಗಳ ಮೇಲಿನ ಏಪ್ರನ್‌ಗಳು (ಚಕ್ರದ ಒಳಬದಿಯ ತಗಡಿನ ಗೋಡೆಗಳು) ಸ್ವಲ್ಪ ಬಾಗಿದ್ದರೆ ಎಳೆದು ಸರಿಪಡಿಸಲು ಸಾಧ್ಯ. ಪೆಟ್ಟು ವಿಂಡ್‌ಸ್ಕ್ರೀನ್ ಪಕ್ಕದ ಕಂಬಕ್ಕೋ ಎರಡು ಬಾಗಿಲ ನಡುವಿನ ಪಿಲ್ಲರ್‌ಗೋ ರೂಫಿಗೋ ಕಾಲಿಡುವ ಫ್ಲೋರಿಗೋ ತಲುಪಿದ್ದರೆ ಆ ಕಾರನ್ನು ಬಿಡಬೇಕು. ಈಗಿನ ಕಾರುಗಳ ಪಿಲ್ಲರ್‌ಗಳನ್ನು ಅತಿ ಗಟ್ಟಿ ಉಕ್ಕಿನಿಂದ ಮಾಡಿರುತ್ತಾರೆ. ಅದನ್ನು ಗ್ಯಾಸ್ ಹಚ್ಚಿ ಕಾಯಿಸಿ ಬಡಿದರೆ ಆಕಾರ ಮರಳಿ ಬರಬಹುದು, ಬಲ ಮರಳಿ ಬರುವುದಿಲ್ಲ. ಮುಂದಿನ ಅಪಘಾತದಲ್ಲಿ ಪ್ರಾಣ ಉಳಿಸಬೇಕಾದದ್ದು ಅದೇ ಕಂಬ.

ಪರೀಕ್ಷೆಯ ವಿಧಾನ ಸರಳವಾಗಿದೆ. ನಾಲ್ಕೂ ಬಾಗಿಲನ್ನು ತೆರೆದು ಮುಚ್ಚಿ. ಒಂದು ಬಾಗಿಲು ಎತ್ತಿ ಹಾಕಿದರೆ ಮಾತ್ರ ಕೂರುತ್ತಿದ್ದರೆ ಚೌಕಟ್ಟು ಅಲುಗಾಡಿದೆ ಎಂದು ಶಂಕಿಸಬೇಕು. ಬಾಗಿಲಿನ ರಬ್ಬರ್ ಬೀಡಿಂಗನ್ನು ಬೆರಳಿನಿಂದ ಸರಿಸಿದರೆ ಕಂಪನಿಯಲ್ಲಿ ಹಾಕಿದ ಸ್ಪಾಟ್ ವೆಲ್ಡಿನ ದುಂಡನೆಯ ಸಣ್ಣ ಗುಳಿಗಳು ಸಮಾನ ಅಂತರದಲ್ಲಿ ಕಾಣುತ್ತವೆ. ಅವು ಮುಚ್ಚಿಹೋಗಿದ್ದರೆ ಅಥವಾ ಉಜ್ಜಿದ ವೆಲ್ಡಿಂಗ್ ಗೆರೆಯಿದ್ದರೆ ಆ ಭಾಗ ಈ ಹಿಂದೆಯೇ ಒಮ್ಮೆ ಕತ್ತರಿಸಿ ಜೋಡಿಸಿದ್ದು. ಅಯಸ್ಕಾಂತ ಹಿಡಿಯದ ಜಾಗದಲ್ಲಿ ದಪ್ಪ ಪುಟ್ಟಿ ಇದೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿ ಅದರ ಗುಳಿಯ ತಗಡು ಸುಕ್ಕುಗಟ್ಟಿದೆಯೇ ನೋಡಿ. ಮುಂದಿನ ಚಕ್ರಕ್ಕೂ ಅದರ ಹಿಂದಿನ ಕಮಾನಿಗೂ ಇರುವ ಅಂತರವನ್ನು ಎರಡೂ ಪಕ್ಕದಲ್ಲಿ ಅಳೆಯಿರಿ. ಕೊನೆಯದಾಗಿ, ಬಾನೆಟ್ ತೆರೆಯುವಂತಿದ್ದರೆ, ಬಲಗಡೆಯ ಶಾಕ್ ಅಬ್ಸಾರ್ಬರ್ ಮೇಲಿನ ಬೋಲ್ಟಿನಿಂದ ಎಡ ತೊಲೆಯ ಮೂತಿಯವರೆಗೆ, ಹಾಗೆಯೇ ಎಡದಿಂದ ಬಲಕ್ಕೆ, ಕತ್ತರಿಯಾಕಾರದಲ್ಲಿ ಟೇಪು ಹಿಡಿದು ಎರಡು ಅಳತೆ ತೆಗೆಯಿರಿ. ಎರಡರ ನಡುವೆ ಮೂರು ಮಿಲಿಮೀಟರಿನಷ್ಟು ಅಂತರ ಸಹಜ; ಸೆಂಟಿಮೀಟರುಗಳ ಅಂತರವಿದ್ದರೆ ಮುಂಭಾಗ ಒಂದು ಕಡೆಗೆ ವಾಲಿದೆ, ಅದನ್ನು ಎಳೆಸುವ ಖರ್ಚು ಸೇರಿಸಿಯೇ ಲೆಕ್ಕ ಹಾಕಬೇಕು.

ನೀರಿನಲ್ಲಿ ಮುಳುಗಿದ ಕಾರು

ಹೊರಗೆ ಒಂದು ಗೀರೂ ಇಲ್ಲದ ಕಾರು ಟೋಟಲ್ ಲಾಸ್ ಪಟ್ಟಿಯಲ್ಲಿದ್ದರೆ ಅದು ಬಹುತೇಕ ಪ್ರವಾಹದ ಕಾರು. 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬೆಳ್ಳಂದೂರು, ಯಮಲೂರು ಸುತ್ತಮುತ್ತ ನೀರು ನುಗ್ಗಿದಾಗ ದುಬಾರಿ ಕಾರುಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದಾರೆ. 2015ರಲ್ಲಿ ಚೆನ್ನೈ, 2018ರಲ್ಲಿ ಕೇರಳ ಕೂಡ ಇದನ್ನು ಕಂಡಿವೆ. ಒಳಗನ್ನು ತೊಳೆದು, ಸುಗಂಧ ಸಿಂಪಡಿಸಿ ನಿಲ್ಲಿಸಿದ ಇಂಥ ಕಾರನ್ನು ಗುರುತಿಸಲು ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡುವುದು ಒಳ್ಳೆಯ ಉಪಾಯ. ದಿನನಿತ್ಯ ಹೊರಗೆ ಬಾರದ ಆ ಕೊನೆಯ ಒಂದೆರಡು ಅಡಿಯಲ್ಲಿ ಕೆಸರಿನ ಕಂದು ಕಲೆ, ನೀರು ನಿಂತ ಮಟ್ಟದ ಗೆರೆ ಉಳಿದಿರುತ್ತದೆ. ಸೀಟಿನ ಕೆಳಗಿನ ಹಳಿಯ ತುಕ್ಕು, ಮ್ಯಾಟಿಂಗ್ ಅಡಿಯ ಸ್ಪಂಜಿನ ತೇವ, ಹೆಡ್‌ಲ್ಯಾಂಪ್ ಒಳಗಿನ ಮಂಜು ಇವೂ ಸಾಕ್ಷಿಗಳೇ.

ನೀರು ಫ್ಲೋರಿನ ಮಟ್ಟಕ್ಕೆ ನಿಂತಿದ್ದ ಕಾರನ್ನು ಉಳಿಸಿಕೊಳ್ಳಬಹುದು. ಡ್ಯಾಶ್‌ಬೋರ್ಡಿನವರೆಗೆ ಮುಳುಗಿದ್ದನ್ನು, ಕರಾವಳಿಯ ಉಪ್ಪುನೀರು ಕುಡಿದದ್ದನ್ನು ಮುಟ್ಟಬಾರದು. ವೈರಿಂಗ್ ಕಪ್ಲರ್‌ಗಳೊಳಗೆ ಸೇರಿದ ತೇವ ತಿಂಗಳುಗಳ ನಂತರ ಹಸಿರು ಕಿಲುಬಾಗಿ ಹೊರಬರುತ್ತದೆ. ಆಗ ಒಂದು ದಿನ ವೈಪರ್ ನಿಲ್ಲುತ್ತದೆ, ಇನ್ನೊಂದು ದಿನ ಎಬಿಎಸ್ ದೀಪ ಹತ್ತುತ್ತದೆ. ಏರ್‌ಬ್ಯಾಗ್ ನಿಯಂತ್ರಕವನ್ನು ಅನೇಕ ಕಾರುಗಳಲ್ಲಿ ಗೇರ್ ಲಿವರಿನ ಬಳಿ ಫ್ಲೋರಿಗೇ ಕೂರಿಸಿರುವುದರಿಂದ ಮೊಣಕಾಲೆತ್ತರದ ನೀರೂ ಅದಕ್ಕೆ ಸಾಕು. ಮುಳುಗಿದ ಎಲೆಕ್ಟ್ರಿಕ್ ಅಥವಾ ಹೈಬ್ರಿಡ್ ಕಾರಿನ ಬ್ಯಾಟರಿ ದಿನಗಳ ನಂತರವೂ ಹೊತ್ತಿಕೊಳ್ಳಬಲ್ಲದು. ಅದು ಸಾಮಾನ್ಯ ಗ್ಯಾರೇಜಿನ ಕೆಲಸವಲ್ಲ.

ಉಳಿಸಿಕೊಳ್ಳಬಹುದಾದ ಪ್ರವಾಹದ ಕಾರು ಕೊಂಡಿದ್ದರೆ ಯಾವ ಕಾರಣಕ್ಕೂ ಕೀ ತಿರುಗಿಸಿ ಸ್ಟಾರ್ಟ್ ಮಾಡಲು ಯತ್ನಿಸಬಾರದು. ಗಾಳಿ ಸಂಕುಚಿಸುವ ಹಾಗೆ ನೀರು ಸಂಕುಚಿಸುವುದಿಲ್ಲವಾದ್ದರಿಂದ ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಮೇಲೇರಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮೊದಲು ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಕಾರಾದರೆ ಸ್ಪಾರ್ಕ್ ಪ್ಲಗ್‌ಗಳನ್ನು ತೆಗೆದು, ಕ್ರ್ಯಾಂಕ್ ಅನ್ನು ಪಾನಾದಿಂದ ಕೈಯಲ್ಲೇ ತಿರುಗಿಸಿ ನೀರು ಹೊರಹಾಕಬೇಕು. ಎಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದರ್ಥ. ಎಂಜಿನ್, ಗೇರ್‌ಬಾಕ್ಸ್, ಬ್ರೇಕ್ ಇವುಗಳ ದ್ರವಗಳನ್ನೆಲ್ಲ ಬದಲಿಸಿ, ಸೀಟು ಮತ್ತು ಮ್ಯಾಟಿಂಗ್ ಪೂರ್ತಿ ಹೊರತೆಗೆದು, ಕಪ್ಲರ್‌ಗಳನ್ನು ಒಂದೊಂದಾಗಿ ಬಿಚ್ಚಿ ಒಣಗಿಸಬೇಕು. ಕೂಲಿ ಹೆಚ್ಚಾಗುವುದು ಇಲ್ಲಿಯೇ.

ಸವಾಲಿನ ಮಿತಿ

ಎಷ್ಟಕ್ಕೆ ಕೂಗಬೇಕೆಂಬುದನ್ನು ಕೊನೆಯಿಂದ ಮೊದಲಿಗೆ ಲೆಕ್ಕ ಹಾಕಬೇಕು. ಅಪಘಾತವಾಗದ ಅಂಥದೇ ಕಾರು ಐದೂವರೆ ಲಕ್ಷಕ್ಕೆ ಸಿಗುತ್ತದೆ ಎಂದಾದರೆ, ಜಖಂ ಇತಿಹಾಸವಿರುವ ನಿಮ್ಮ ಕಾರಿನ ಬೆಲೆಯನ್ನು ನಾಲ್ಕು ಲಕ್ಷದ ನಲವತ್ತು ಸಾವಿರಕ್ಕಿಂತ ಹೆಚ್ಚು ಹಿಡಿಯಬೇಡಿ. ಅದರಲ್ಲಿ ದುರಸ್ತಿ ಅಂದಾಜು 1,60,000, ಬಿಚ್ಚಿದ ಮೇಲಷ್ಟೇ ಕಾಣುವ ಹಾನಿಗೆ ಅದರ ಕಾಲು ಭಾಗ 40,000, ಹರಾಜುದಾರರ ಶುಲ್ಕ, ಸಾಗಣೆ, ವರ್ಗಾವಣೆ, ವಿಮೆ ಎಲ್ಲ ಸೇರಿ 35,000 ಕಳೆದರೆ ಉಳಿಯುವುದು 2,05,000. ಅದೇ ನಿಮ್ಮ ಮಿತಿ. ಈ ಅಂಕಿಗಳು ಉದಾಹರಣೆಗೆ ಮಾತ್ರ, ಕ್ರಮ ಮಾತ್ರ ಎಲ್ಲ ಕಾರಿಗೂ ಒಂದೇ. ಹೆಚ್ಚಿನ ಸವಾಲು ನಿಮ್ಮದಾದರೂ ಮಾರುವ ಕಂಪನಿ ಒಪ್ಪಿದ ಮೇಲಷ್ಟೇ ಅದು ಖಾಯಂ. ಒಪ್ಪಿದ ಮೇಲೆ ಗಡುವಿನೊಳಗೆ ಕಾರು ಎತ್ತದಿದ್ದರೆ ದಿನದ ಲೆಕ್ಕದಲ್ಲಿ ಯಾರ್ಡ್ ಬಾಡಿಗೆ ಬೀಳಬಹುದು. ಟೋಟಲ್ ಲಾಸ್ ಪರಿಹಾರ ಕೊಟ್ಟ ಮೇಲೆ ಹಳೆಯ ಪಾಲಿಸಿ ಕೊನೆಗೊಂಡಿರುತ್ತದೆ. ಓಡುವ ಸ್ಥಿತಿಯಲ್ಲಿದ್ದರೂ ಓಡಿಸಿಕೊಂಡು ಬರದೆ ಫ್ಲಾಟ್‌ಬೆಡ್ ಲಾರಿಯಲ್ಲೇ ತರಬೇಕು.

ದುರಸ್ತಿಯ ಕ್ರಮ

ಗ್ಯಾರೇಜಿಗೆ ಬಂದ ಕಾರಿನ ಬ್ಯಾಟರಿ ಬಿಚ್ಚಿ, ಏರ್‌ಬ್ಯಾಗ್ ವ್ಯವಸ್ಥೆಯಲ್ಲಿ ಉಳಿದಿರುವ ವಿದ್ಯುತ್ ಇಳಿಯಲು ಕೆಲವು ನಿಮಿಷ ಬಿಟ್ಟು, ಪೆಟ್ಟು ಬಿದ್ದ ಭಾಗವನ್ನು ಪೂರ್ತಿ ಬಿಚ್ಚಬೇಕು. ಬಿಚ್ಚುವ ಮೊದಲೇ ಭಾಗಗಳಿಗೆ ಆರ್ಡರ್ ಕೊಟ್ಟರೆ ಅರ್ಧ ಬೇಡದವು ಬಂದು, ಬೇಕಾದವು ಉಳಿದುಹೋಗುತ್ತವೆ. ಚೌಕಟ್ಟನ್ನು ಎಳೆಯುವ ಕೆಲಸ ಕಾರನ್ನು ಬಿಗಿದು ಅಳೆಯುವ ಮಾಪನದ ಬೆಂಚ್ ಇರುವ ಕಡೆಯೇ ಆಗಬೇಕು; ಮರಕ್ಕೆ ಸರಪಳಿ ಕಟ್ಟಿ ಎಳೆಯುವ ಪದ್ಧತಿಗೆ ಒಪ್ಪಬೇಡಿ. ವೆಲ್ಡಿಂಗ್ ಆದ ಜಾಗಕ್ಕೆ ಸತುವಿನ ಪ್ರೈಮರ್, ಸಂದುಗಳಿಗೆ ಸೀಲೆಂಟ್, ಟೊಳ್ಳು ಭಾಗಗಳ ಒಳಗೆ ಮೇಣದ ಲೇಪ ಕೊಡಿಸದಿದ್ದರೆ ಎರಡು ಮಳೆಗಾಲದೊಳಗೆ ಒಳಗಿನಿಂದ ತುಕ್ಕು ಬರುತ್ತದೆ. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಭಾಗಗಳ ವಿಷಯದಲ್ಲಿ ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ಅಂಗಡಿಗಳೂ ಶಿವಾಜಿನಗರದ ಗುಜರಿಯೂ ಹತ್ತಿರದಲ್ಲಿವೆ. ಬಾಗಿಲು, ಬಾನೆಟ್, ಹೆಡ್‌ಲ್ಯಾಂಪ್, ಕನ್ನಡಿ, ಸೀಟು ಇವನ್ನು ಗುಜರಿಯಿಂದ ಧಾರಾಳವಾಗಿ ತರಬಹುದು, ಬಿಲ್ ಮಾತ್ರ ಕೇಳಿ ಪಡೆಯಬೇಕು. ಸ್ಟೀರಿಂಗ್, ಬ್ರೇಕ್, ಸೀಟ್ ಬೆಲ್ಟ್, ಏರ್‌ಬ್ಯಾಗ್ ಇವನ್ನು ಗುಜರಿಯಿಂದ ತರಬಾರದು. ಗುಜರಿಯ ಎಂಜಿನ್ ಹಾಕಿಸುವುದಾದರೆ ಅದರ ಸಂಖ್ಯೆ ಆರ್‌ಸಿಯಲ್ಲಿ ನಮೂದಾಗಬೇಕು, ಅದಕ್ಕೆ ಆರ್‌ಟಿಒ ಅನುಮತಿ ಮೊದಲೇ ಬೇಕು.

2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕರ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಒಮ್ಮೆ ಸಿಡಿದ ಏರ್‌ಬ್ಯಾಗ್ ಜೊತೆಗೆ ಬೆಲ್ಟನ್ನು ಬಿಗಿಯುವ ಪ್ರಿಟೆನ್ಷನರ್ ಕೂಡ ಸಾಮಾನ್ಯವಾಗಿ ಸಿಡಿದಿರುತ್ತದೆ. ಅಪಘಾತದ ದಾಖಲೆ ಉಳಿಸಿಕೊಂಡ ನಿಯಂತ್ರಕವನ್ನೂ ಬದಲಿಸಬೇಕಾಗುತ್ತದೆ. ಈ ಮೂರೂ ದುಬಾರಿ. ಅದಕ್ಕಾಗಿಯೇ ಬರಿಯ ಮುಚ್ಚಳ ಕೂರಿಸಿ, ಎಚ್ಚರಿಕೆ ದೀಪ ಹತ್ತದಂತೆ ವೈರಿಗೆ ರೆಸಿಸ್ಟರ್ ಹಾಕಿ ಕೊಡುವ ಗ್ಯಾರೇಜುಗಳಿವೆ. ಇದನ್ನು ಉಳಿತಾಯವೆಂದು ಕರೆಯಲು ನನಗೆ ಸಾಧ್ಯವಿಲ್ಲ, ಇದು ಮುಂದೆ ಆ ಸೀಟಿನಲ್ಲಿ ಕೂರುವವರಿಗೆ ಬಗೆಯುವ ದ್ರೋಹ. ಕೀ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಕೆಲವು ಸೆಕೆಂಡು ಹತ್ತಿ ತಾನಾಗಿ ಆರಬೇಕು. ಹತ್ತದೇ ಇದ್ದರೂ, ಆರದೇ ಇದ್ದರೂ ವ್ಯವಸ್ಥೆ ಸರಿಯಿಲ್ಲ. ದೀಪ ಸರಿಯಾಗಿ ಕಂಡರೂ ನಂಬಿ ಬಿಡದೆ, ಕೆಲಸ ಮುಗಿದ ಮೇಲೆ ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸಿ ವರದಿ ಪಡೆದುಕೊಳ್ಳಿ.

ಪ್ರತಿ ಹಂತದ ಫೋಟೊ, ಪ್ರತಿ ಭಾಗದ ಬಿಲ್ಲು, ಎಳೆಯುವ ಮೊದಲಿನ ಮತ್ತು ನಂತರದ ಅಳತೆಗಳು ಒಂದು ಕಡತದಲ್ಲಿರಲಿ. ಹೊಸ ಪಾಲಿಸಿಗೆ ವಿಮಾ ಕಂಪನಿಯವರು ಕಾರು ಪರಿಶೀಲಿಸಲು ಬಂದಾಗ ಅದೇ ಕಡತ ಕೆಲಸಕ್ಕೆ ಬರುತ್ತದೆ, ಕಾರು ಮಾರುವಾಗ ಕೊಳ್ಳುವವರಿಗೂ ಅದನ್ನು ಕೊಡಬೇಕು. ವರ್ಗಾವಣೆಯನ್ನು ಮಾತ್ರ ದುರಸ್ತಿ ಮುಗಿಯಲೆಂದು ಮುಂದೂಡಬೇಡಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಹೊಣೆಯ ಮಟ್ಟಿಗೆ ಅವರೇ ಮಾಲೀಕರೆಂದು ಸುಪ್ರೀಂ ಕೋರ್ಟ್ 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದೆ. ನಿಮ್ಮ ವಿಳಂಬದ ಹೊರೆ ಕಾರು ಕಳೆದುಕೊಂಡ ಹಳೆಯ ಮಾಲೀಕರ ಮೇಲೆ ಬೀಳಬಾರದು. ಮೂರನೇ ವ್ಯಕ್ತಿ ವಿಮೆ ಮತ್ತು ಹೊಗೆ ತಪಾಸಣೆ ಪತ್ರ ಕೈಗೆ ಬಂದ ಮೇಲೆ ಕಾರನ್ನು ರಸ್ತೆಗಿಳಿಸಿ. ಮೊದಲ ಸಾವಿರ ಕಿಲೋಮೀಟರ್ ಸಮೀಪದ ಊರುಗಳಲ್ಲೇ ಓಡಿಸಿ, ಮತ್ತೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಸಸ್ಪೆನ್ಷನ್ ಬೋಲ್ಟ್‌ಗಳನ್ನು ಟಾರ್ಕ್ ಪಾನಾದಿಂದ ಬಿಗಿಗೊಳಿಸಿ, ನಾಲ್ಕೂ ಟೈರುಗಳ ಸವೆತ ನೋಡಿ. ಒಂದು ಟೈರಿನ ಒಳ ಅಂಚು ಮಾತ್ರ ಸವೆಯುತ್ತಿದ್ದರೆ ಚೌಕಟ್ಟು ಇನ್ನೂ ನೇರವಾಗಿಲ್ಲದಿರಬಹುದು; ಕಾರನ್ನು ಮತ್ತೆ ಬೆಂಚಿಗೆ ಹತ್ತಿಸಿ ಅಳತೆ ತೆಗೆಸಬೇಕು.